ಸೋತ ಲಿವರ್ ಮತ್ತು ಯಾರೂ ಕೇಳದ ನೋವು

ಲಿವರಿನ ಒಳಗೆ ನೋವು ತಿಳಿಯುವ ನರಗಳಿಲ್ಲ. ಅದನ್ನು ಸುತ್ತಿರುವ ತೆಳು ಪೊರೆಗೆ ಮಾತ್ರ ಇವೆ. ಹಾಗಾಗಿ ವರ್ಷಗಟ್ಟಲೆ ಒಳಗೊಳಗೇ ಗಾಯವಾಗಿ, ಮಾಯ್ದ ಗಾಯ ಗಂಟುಗಟ್ಟಿ, ಮೆತ್ತಗಿದ್ದ ಅಂಗ ಬಿರುಸಾಗಿ ಮುದುಡಿದರೂ ಮನುಷ್ಯನಿಗೆ ಸುಳಿವೇ ಸಿಗುವುದಿಲ್ಲ. ಸಿಗುವ ಹೊತ್ತಿಗೆ ಕಾಲು ಬಾತಿರುತ್ತವೆ, ಹೊಟ್ಟೆ ಉಬ್ಬಿರುತ್ತದೆ, ಕಣ್ಣು ಹಳದಿಯಾಗಿರುತ್ತವೆ. ಡಾಕ್ಟರ ಬಾಯಿಂದ ‘ಸಿರೋಸಿಸ್’ ಎಂಬ ಮಾತು ಬರುವುದು ಆಗ. ಅಲ್ಲಿಂದಾಚೆಗೆ ಏನಾಗುತ್ತದೆ ಎಂಬುದು ಬಹಳ ಮನೆಗಳಿಗೆ ಗೊತ್ತಿಲ್ಲ. ತಾನು ನೋಯದ ಈ ಅಂಗ ಉಳಿದ ಮೈಯನ್ನೆಲ್ಲ ನೋಯಿಸತೊಡಗುತ್ತದೆ. ಆ ನೋವಿಗೆಂದು ಕಣ್ಣುಮುಚ್ಚಿ ನುಂಗಿದ ಗುಳಿಗೆಯೇ ಎಷ್ಟೋ ಸಲ ರೋಗಿಯನ್ನು ಐಸಿಯುಗೆ ತಂದು ಮಲಗಿಸುತ್ತದೆ.

1957ರಲ್ಲಿ ಶುರುವಾದ ಹುಬ್ಬಳ್ಳಿಯ ಮೆಡಿಕಲ್ ಕಾಲೇಜಿನ ಆಸ್ಪತ್ರೆಯನ್ನು ಜನ ಇಂದಿಗೂ ಕಿಮ್ಸ್ ಎಂದೇ ಕರೆಯುತ್ತಾರೆ. ಧಾರವಾಡ ಜಿಲ್ಲೆಯವರಷ್ಟೇ ಅಲ್ಲ, ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳ, ಘಟ್ಟದ ಅಂಚಿನ ಯಲ್ಲಾಪುರ, ಮುಂಡಗೋಡ ಕಡೆಯವರಿಗೂ ಕಷ್ಟದ ರೋಗ ಎಂದರೆ ಮೊದಲು ನೆನಪಾಗುವುದು ಅದು, ಇಲ್ಲವೇ ಸತ್ತೂರಿನ ಎಸ್‌ಡಿಎಂ. ಸಿರೋಸಿಸ್ ಆದವರ ಜೊತೆ ವಾರ್ಡಿನ ಹೊರಗೆ ಕುಳಿತು ಮಾತಾಡಿದರೆ ಅವರು ಮೊದಲು ಹೇಳುವುದು ಬಿಲಿರುಬಿನ್ ಎಷ್ಟಿದೆ ಎಂಬುದನ್ನಲ್ಲ. ‘ರಾತ್ರಿ ಮೀನಖಂಡ ಹಿಡಕೊಂಡು ಎಳದಂಗ ಆಕ್ಕತ್ರಿ, ನಿದ್ದಿನ ಇಲ್ಲ’ ಎನ್ನುತ್ತಾರೆ. ‘ಬೆನ್ನು ಕುಂದ್ರಾಕ ಬಿಡವಲ್ದು’ ಎನ್ನುತ್ತಾರೆ. ಡಾಕ್ಟರ ಮುಂದೆ ಕುಳಿತಾಗ ಈ ಮಾತು ಹೊರಬೀಳುವುದೇ ಇಲ್ಲ. ಸಿಗುವ ನಾಲ್ಕು ನಿಮಿಷ ರಕ್ತದ ರಿಪೋರ್ಟು, ಸ್ಕ್ಯಾನಿಂಗ್, ಮುಂದಿನ ತಾರೀಖಿನಲ್ಲೇ ತೀರಿಹೋಗುತ್ತದೆ. ಡಾಕ್ಟರು ಕೇಳುವುದಿಲ್ಲ, ಇವರು ಹೇಳುವುದಿಲ್ಲ.

ನೋವು ಮಾತ್ರ ಸಣ್ಣದಲ್ಲ. ಲಿವರ್ ರೋಗ ಕೊನೆಯ ಹಂತಕ್ಕೆ ಹೋದವರ ಬಗ್ಗೆ ಬೇರೆಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ವರದಿಯೊಂದು 2019ರಲ್ಲಿ ಪ್ರಕಟವಾಯಿತು. ನೋವು ಇದೆ ಎಂದವರು ಒಂದೊಂದು ಅಧ್ಯಯನದಲ್ಲಿ ಒಂದೊಂದು ಪ್ರಮಾಣ, ಶೇ 30ರಿಂದ ಶೇ 79ರವರೆಗೆ. ಸ್ನಾಯು ಹಿಡಿತ ಅರ್ಧಕ್ಕಿಂತ ಹೆಚ್ಚು ಜನರಿಗೆ. ಕ್ಯಾನ್ಸರ್ ರೋಗಿಗೆ ನೋವಿರುತ್ತದೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಲಿವರ್ ಕೆಟ್ಟವನ ನೋವನ್ನು ಮನೆಯವರೂ ಅನುಮಾನದಿಂದ ನೋಡುತ್ತಾರೆ.

ಈ ನೋವುಗಳ ಮೂಲ ತಿಳಿಯಬೇಕಾದರೆ ಒಳಗಿನ ರಕ್ತದ ಹಾದಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹೊಟ್ಟೆ, ಕರುಳು, ಗುಲ್ಮದ ರಕ್ತವೆಲ್ಲ ಒಂದು ದೊಡ್ಡ ರಕ್ತನಾಳದಲ್ಲಿ ಕೂಡಿ ಲಿವರಿಗೆ ಬರುತ್ತದೆ. ಲಿವರಿಗೆ ಸಿಗುವ ರಕ್ತದ ಸುಮಾರು ಮುಕ್ಕಾಲು ಪಾಲು ಈ ದಾರಿಯದೇ. ಮಲಪ್ರಭಾ ಕಾಲುವೆಯಲ್ಲಿ ಹೂಳು ತುಂಬಿದರೆ ಬಿಟ್ಟ ನೀರು ಹಿಂದೆ ಸರಿದು ದಂಡೆ ಒಡೆದು ಕಂಡ ಹೊಲಕ್ಕೆ ನುಗ್ಗುವುದನ್ನು ನವಲಗುಂದದ ರೈತರು ಬಲ್ಲರು. ಬಿರುಸಾದ ಲಿವರಿನ ಮುಂದೆ ರಕ್ತಕ್ಕೂ ಅದೇ ಗತಿ. ಒತ್ತಡ ಹಿಂದಕ್ಕೆ ಏರಿ ಗುಲ್ಮ ದೊಡ್ಡದಾಗುತ್ತದೆ. ಅನ್ನನಾಳದ ಸಣ್ಣ ರಕ್ತನಾಳಗಳು ಉಬ್ಬಿ ನಿಲ್ಲುತ್ತವೆ. ಹೊಟ್ಟೆಯ ಒಳಗೆ ನೀರು ಒಸರುತ್ತದೆ. ಉಬ್ಬಿದ ನಾಳ ಒಡೆದರೆ ರಕ್ತವಾಂತಿ, ಇಲ್ಲವೇ ಡಾಂಬರು ಬಣ್ಣದ ಮಲ. ಅದಕ್ಕೇ ಮುಂಚಿತವಾಗಿ ಎಂಡೋಸ್ಕೋಪಿ ಮಾಡಿ, ನಮ್ಮ ಕಡೆಯ ಮಾತಿನಲ್ಲಿ ‘ದುರ್ಬೀನು ಹಾಕಿ’, ಬೇಕಾದರೆ ಆ ನಾಳಗಳಿಗೆ ರಬ್ಬರ್ ಬ್ಯಾಂಡು ಬಿಗಿಯುತ್ತಾರೆ, ಒತ್ತಡ ಇಳಿಸಲು ಕಾರ್ವಿಡಿಲಾಲ್ ಅಥವಾ ಪ್ರೊಪ್ರನಾಲಾಲ್ ಕೊಡುತ್ತಾರೆ.

ಈ ಯಾವ ತೊಡಕೂ ಇನ್ನೂ ಕಾಣಿಸದ ಹಂತದಲ್ಲಿ ಸಿರೋಸಿಸ್ ಗೊತ್ತಾದರೆ ಮುಂದೆ ಹತ್ತು ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಬಾಳುವವರೇ ಹೆಚ್ಚು. ಹೊಟ್ಟೆಯಲ್ಲಿ ನೀರು, ರಕ್ತವಾಂತಿ, ಕಾಮಣಿ, ಮಂಕು ಇವುಗಳಲ್ಲಿ ಒಂದು ಶುರುವಾದರೆ ಬಾಳುವ ಕಾಲ ಸರಾಸರಿ ಎರಡು ವರ್ಷಕ್ಕೆ ಇಳಿಯುತ್ತದೆ. ಆ ವರ್ಷಗಳು ಹೇಗೆ ಕಳೆಯುತ್ತವೆ ಎಂಬುದು ಎಷ್ಟು ವರ್ಷ ಎಂಬುದಕ್ಕಿಂತ ಚಿಕ್ಕ ಪ್ರಶ್ನೆಯಲ್ಲ.

ಹೊಟ್ಟೆಯ ನೀರನ್ನೇ ನೋಡಿ. ಎಂಟು ಹತ್ತು ಲೀಟರು ತುಂಬಿದ ಹೊಟ್ಟೆ ಹೊತ್ತವರು ಬೆನ್ನು ಹಿಂದಕ್ಕೆ ಬಾಗಿಸಿಯೇ ನಿಲ್ಲಬೇಕು, ಸೊಂಟ ಹಿಡಿಯದೆ ಏನಾದೀತು? ಊಟ ಎರಡು ತುತ್ತಿಗೇ ಸಾಕೆನಿಸುತ್ತದೆ. ಅಂಗಾತ ಮಲಗಿದರೆ ಉಸಿರು ಸಿಗುವುದಿಲ್ಲ. ಇಂಥವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಹೊಕ್ಕುಳು ಹೊರಗೆ ಉಬ್ಬಿ ಹರ್ನಿಯಾ ಆಗುತ್ತದೆ, ಕೆಮ್ಮಿದರೆ ಅಲ್ಲೇ ಜಗ್ಗುತ್ತದೆ. ಆಸ್ಪತ್ರೆಯಲ್ಲಿ ಹೊಟ್ಟೆಯ ಒಂದು ಬದಿಯಲ್ಲಿ, ಸಾಮಾನ್ಯವಾಗಿ ಎಡಗಡೆ ಕೆಳಗೆ, ಚರ್ಮ ಜೋಮು ಹಿಡಿಸಿ ಸೂಜಿ ಇಳಿಸುತ್ತಾರೆ. ಎಳೆ ಹಳದಿ ನೀರು ಸಣ್ಣ ಪೈಪಿನಲ್ಲಿ ಇಳಿದು ಹಾಸಿಗೆಯ ಪಕ್ಕದ ಕ್ಯಾನಿಗೆ ಬೀಳುತ್ತದೆ. ಎರಡು ಲೀಟರು ಇಳಿಯುವಷ್ಟರಲ್ಲಿ ರೋಗಿ ನಿಟ್ಟುಸಿರು ಬಿಡುತ್ತಾನೆ, ನಾಲ್ಕಕ್ಕೆ ಕಾಲು ಚಾಚುತ್ತಾನೆ. ಐದು ಲೀಟರಿಗಿಂತ ಹೆಚ್ಚು ತೆಗೆದರೆ ಪ್ರತಿ ಲೀಟರಿಗೆ ಆರರಿಂದ ಎಂಟು ಗ್ರಾಂ ಲೆಕ್ಕದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನನ್ನು ರಕ್ತಕ್ಕೆ ಏರಿಸಬೇಕು. ಇಲ್ಲದಿದ್ದರೆ ಬಿಪಿ ಕುಸಿದು ಕಿಡ್ನಿಗೆ ಪೆಟ್ಟಾಗುತ್ತದೆ. ಎಂಟು ಲೀಟರು ತೆಗೆದರೆ ಇಪ್ಪತ್ತು ಗ್ರಾಮಿನ ಬಾಟಲಿ ಸುಮಾರು ಮೂರು ಬೇಕು, ಒಂದೊಂದಕ್ಕೂ ಸಾವಿರಾರು ರೂಪಾಯಿ. ದುಡ್ಡಿಲ್ಲವೆಂದು ‘ನೀರಷ್ಟ ತಗೀರಿ, ಬಾಟ್ಲಿ ಬ್ಯಾಡ’ ಎನ್ನುವವರಿದ್ದಾರೆ. ಹಾಗೆ ಅನ್ನುವ ಮೊದಲು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಹಿಡಿದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ ನೋಡಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಅದರಲ್ಲಿದೆ.

ಹೊಟ್ಟೆಯಲ್ಲಿ ನೀರಿರುವಾಗ ಜ್ವರ ಬಂದು ಹೊಟ್ಟೆ ನೋಯತೊಡಗಿದರೆ ಅದು ಸೊಂಟನೋವಿನ ಜಾತಿಯದ್ದಲ್ಲ, ಆ ನೀರಿಗೇ ಸೋಂಕು ತಗಲಿರಬಹುದು. ಅಂದೇ ಆಸ್ಪತ್ರೆ ಮುಟ್ಟಬೇಕು, ಬೆಳಗಾಗಲಿ ಎಂದು ಕಾಯುವಂತಿಲ್ಲ.

ಉಳಿದ ನೋವುಗಳು ಮೈತುಂಬ ಹರಡಿವೆ. ಕುಡಿತದಿಂದ ಅಥವಾ ಸಕ್ಕರೆ ಕಾಯಿಲೆಯಿಂದ ನರ ಸೊರಗಿ ಅಂಗಾಲು ಉರಿಯುತ್ತವೆ. ಮೂಳೆ ಪೊಳ್ಳಾಗಿ, ಜಾರಿ ಬಿದ್ದರೂ ಸಾಕು, ಬೆನ್ನೆಲುಬು ಕುಸಿಯುತ್ತದೆ. ಪಿತ್ತಕೋಶದ ಕಲ್ಲು ಇವರಲ್ಲಿ ಹೆಚ್ಚು. ನೀರು ಇಳಿಸಲು ಕೊಡುವ ಸ್ಪೈರನೊಲ್ಯಾಕ್ಟೋನ್ ಮಾತ್ರೆಯಿಂದ ಗಂಡಸರಿಗೆ ಎದೆ ಉಬ್ಬಿ ಅಂಗಿ ತಾಗಿದರೂ ನೋಯುವುದುಂಟು. ನಾಚಿಕೆಗೆ ಯಾರಿಗೂ ಹೇಳದೆ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ, ಹದಿನೈದು ದಿನಕ್ಕೆ ಮತ್ತೆ ಹೊಟ್ಟೆ ತುಂಬುತ್ತದೆ. ಬಾಯಿಬಿಟ್ಟು ಹೇಳಿದರೆ ಅದಕ್ಕೆ ಬದಲಿ ಮಾತ್ರೆ ಇದೆ. ಕುಂದಗೋಳದಿಂದಲೋ ಕಲಘಟಗಿಯಿಂದಲೋ ಬಸ್ಸು ಹಿಡಿದು ಬರುವವರು ದಾರಿಯಲ್ಲಿ ಮೂತ್ರಕ್ಕೆ ಇಳಿಯಲು ಆಗುವುದಿಲ್ಲವೆಂದು ಅವತ್ತಿನ ‘ನೀರಿನ ಗುಳಿಗೆ’ ತಪ್ಪಿಸುವುದೂ ಇದೆ. ಇಂಥ ಸಣ್ಣ ಅನುಕೂಲ, ಅನಾನುಕೂಲಗಳನ್ನು ಡಾಕ್ಟರಿಗೆ ಹೇಳಬೇಕು. ಮಾತ್ರೆಯ ಹೊತ್ತನ್ನು ಹಿಂದೆಮುಂದೆ ಮಾಡಿಕೊಡುವುದು ಅವರಿಗೆ ದೊಡ್ಡ ಕೆಲಸವಲ್ಲ.

ಈಗ ನೋವಿನ ಗುಳಿಗೆಯ ಮಾತು. ಅಮರಗೋಳದ ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರಿಗೆ, ಹೊಲದ ಕೂಲಿಗೆ ಹೋಗುವ ಹೆಂಗಸರಿಗೆ ಸಂಜೆಗೊಂದು ಗುಳಿಗೆ ರೂಢಿಯಾಗಿರುತ್ತದೆ. ಮೆಡಿಕಲ್ ಅಂಗಡಿಗೆ ಹೋಗಿ ‘ಮೈಕೈ ನೋವಿಂದು ಕೊಡ್ರಿ’ ಎಂದರೆ ಚೀಟಿ ಕೇಳದೆ ಕತ್ತರಿಸಿ ಕೊಡುತ್ತಾರೆ. ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್ ಇವೆಲ್ಲ ಒಂದೇ ಮನೆತನದ ಔಷಧಿಗಳು. ಊರ ಡಾಕ್ಟರು ಹಾಕುವ ‘ನೋವಿನ ಸೂಜಿ’ಯೂ ಬಹುಮಟ್ಟಿಗೆ ಇದೇ. ಗಟ್ಟಿಮುಟ್ಟಾದವರು ಅಪರೂಪಕ್ಕೆ ತೆಗೆದುಕೊಂಡರೆ ನಡೆದೀತು. ಸಿರೋಸಿಸ್ ಆದವರಿಗೆ ಇವು ಬೇಡವೇ ಬೇಡ.

ಕಾರಣ ಇಷ್ಟು. ಸಿರೋಸಿಸ್‌ನಲ್ಲಿ ಕರುಳಿನ ಸುತ್ತಲ ರಕ್ತನಾಳಗಳು ಹಿಗ್ಗಿ ರಕ್ತ ಅಲ್ಲೇ ತಂಗುತ್ತದೆ. ಮೈಯಲ್ಲಿ ನೀರು ಹೆಚ್ಚಿದ್ದರೂ ಕಿಡ್ನಿಗೆ ಸಿಗುವ ರಕ್ತ ಕಡಿಮೆ. ಆಗ ಕಿಡ್ನಿ ತನ್ನ ರಕ್ತನಾಳವನ್ನು ತೆರೆದಿಟ್ಟುಕೊಳ್ಳಲು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ತಾನೇ ತಯಾರಿಸಿಕೊಂಡು ಹೇಗೋ ದಿನ ದೂಡುತ್ತಿರುತ್ತದೆ. ನೋವಿನ ಗುಳಿಗೆ ನೋವನ್ನು ಕಡಿಮೆ ಮಾಡುವುದೇ ಈ ರಾಸಾಯನಿಕವನ್ನು ತಡೆದು. ನೋವಿನ ಜಾಗದಲ್ಲಿ ತಡೆದಂತೆ ಕಿಡ್ನಿಯಲ್ಲೂ ತಡೆಯುತ್ತದೆ. ಮೂತ್ರ ಇಳಿಯುತ್ತದೆ, ಹೊಟ್ಟೆ ಏರುತ್ತದೆ, ನೀರಿನ ಗುಳಿಗೆ ಕೆಲಸ ಮಾಡದಾಗುತ್ತದೆ, ಕ್ರಿಯಾಟಿನಿನ್ ದಿನದಿಂದ ದಿನಕ್ಕೆ ಹೆಚ್ಚುತ್ತದೆ. ಜೊತೆಗೆ ಜಠರದ ಒಳಪದರ ಹುಣ್ಣಾಗಿ ರಕ್ತ ಸೋರಬಹುದು. ಲಿವರ್ ಕೆಟ್ಟವರಲ್ಲಿ ರಕ್ತ ಹೆಪ್ಪುಗಟ್ಟುವ ಏರ್ಪಾಡೂ ಏರುಪೇರಾಗಿರುತ್ತದೆ. ನಿಮೆಸುಲೈಡ್ ನೇರವಾಗಿ ಲಿವರಿಗೇ ಪೆಟ್ಟು ಕೊಡಬಲ್ಲದು. 12 ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡುವುದನ್ನು 2011ರಲ್ಲೇ ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ.

ಹಾಗಾದರೆ ಏನು ತೆಗೆದುಕೊಳ್ಳಬೇಕು? ಉತ್ತರ ಕೇಳಿ ಬಹಳ ಜನ ಬೆಚ್ಚುತ್ತಾರೆ: ಪ್ಯಾರಾಸಿಟಮಾಲ್. ‘ಅದು ಲಿವರಿಗೆ ಕೆಟ್ಟದ್ದಲ್ಲೇನ್ರಿ?’ ಒಮ್ಮೆಲೇ ಬಹಳ ನುಂಗಿದರೆ ಖಂಡಿತ ಕೆಟ್ಟದ್ದು, ಒಳ್ಳೆಯ ಲಿವರನ್ನೂ ಮುಗಿಸಬಲ್ಲದು. ಆದರೆ ದಿನಕ್ಕೆ ಒಟ್ಟು ಎರಡು ಗ್ರಾಂ ಮೀರದಂತೆ ತೆಗೆದುಕೊಂಡರೆ ಸಿರೋಸಿಸ್ ರೋಗಿಗೂ ಅದೇ ಮೊದಲ ಆಯ್ಕೆ ಎಂದು ಲಿವರ್ ತಜ್ಞರ ಮಾರ್ಗಸೂಚಿಗಳು ಹೇಳುತ್ತವೆ. 500 ಮಿ.ಗ್ರಾಂ. ಮಾತ್ರೆಯಾದರೆ ದಿನಕ್ಕೆ ನಾಲ್ಕು, 650ರದಾದರೆ ಮೂರು, ಅದಕ್ಕಿಂತ ಒಂದೂ ಹೆಚ್ಚಿಲ್ಲ. ನೆಗಡಿಯ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಅಡಗಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಸೆಕ್ಲೊಫೆನಾಕ್ ಮತ್ತು ಪ್ಯಾರಾಸಿಟಮಾಲ್ ಬೆರೆಸಿದ ಗುಳಿಗೆಗಳು ಎಲ್ಲೆಡೆ ಸಿಗುತ್ತವೆ. ‘ಇದರಾಗೂ ಪ್ಯಾರಾಸಿಟಮಾಲ್ ಐತಿ’ ಎಂಬ ಮಾತಿಗೆ ಮರುಳಾಗಬಾರದು. ಒಳ್ಳೆಯ ಮಾತ್ರೆಗೆ ಹೆದರಿ ಕೆಟ್ಟದ್ದನ್ನು ಧೈರ್ಯವಾಗಿ ನುಂಗುವ ಈ ಅದಲುಬದಲಿನಿಂದ ಆಗುವಷ್ಟು ಹಾನಿ ಸಿರೋಸಿಸ್ ರೋಗಿಗಳಿಗೆ ಬೇರೆ ಯಾವ ತಿಳಿಗೇಡಿತನದಿಂದಲೂ ಆಗುವುದಿಲ್ಲವೇನೋ ಎಂದು ನನಗೆ ಅನ್ನಿಸುತ್ತದೆ.

ರಾತ್ರಿಯ ಸ್ನಾಯು ಹಿಡಿತಕ್ಕೆ ಪ್ಯಾರಾಸಿಟಮಾಲ್ ಅಷ್ಟಾಗಿ ಒದಗುವುದಿಲ್ಲ. ಮೀನಖಂಡ ಕಲ್ಲಾಗಿ, ಪಾದದ ಬೆರಳು ಸೊಟ್ಟಗಾಗಿ, ಒಮ್ಮೊಮ್ಮೆ ಕೈಬೆರಳೂ ಕೂಡಿಕೊಂಡು ರೋಗಿ ಚೀರುತ್ತಾ ಏಳುತ್ತಾನೆ. ಹೆಂಡತಿ ಎದ್ದು ಕಾಲು ತಿಕ್ಕುತ್ತಾಳೆ. ಇಬ್ಬರ ನಿದ್ದೆಯೂ ಹೋಯಿತು. ಆ ಹೊತ್ತಿಗೆ ಮಾಡಬೇಕಾದದ್ದು ಹಿಮ್ಮಡಿ ಹಿಡಿದು ಪಾದವನ್ನು ಮೊಣಕಾಲಿನ ಕಡೆಗೆ ನಿಧಾನ ಮಡಚುವುದು, ಇಲ್ಲವೇ ಎದ್ದು ನಿಂತು ಹಿಮ್ಮಡಿ ನೆಲಕ್ಕೆ ಊರುವುದು. ಮರುದಿನ ರಕ್ತದಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡಿಸಿ, ನೀರಿನ ಗುಳಿಗೆಯ ಪ್ರಮಾಣ ಹೆಚ್ಚಾಗಿದೆಯೇ ಎಂದು ಕೇಳಬೇಕು. ಮೇಲಿಂದ ಮೇಲೆ ಬರುತ್ತಿದ್ದರೆ ಬ್ಯಾಕ್ಲೊಫೆನ್‌ನಂಥ ಔಷಧಿಗಳಿವೆ. ಅಮೆರಿಕದ ಮಿಶಿಗನ್‌ನ ವೈದ್ಯರು 82 ಸಿರೋಸಿಸ್ ರೋಗಿಗಳಲ್ಲಿ ಒಂದು ಪರೀಕ್ಷೆ ಮಾಡಿ 2022ರಲ್ಲಿ ಪ್ರಕಟಿಸಿದರು. ಹಿಡಿತ ಶುರುವಾದಾಗ ಉಪ್ಪಿನಕಾಯಿಯ ರಸ ಗುಟುಕರಿಸಿದವರಿಗೆ, ಬರೀ ನೀರು ಕುಡಿದವರಿಗಿಂತ ನೋವಿನ ತೀವ್ರತೆ ಚೆನ್ನಾಗಿ ಇಳಿಯಿತು. ಹುಳಿ ಗಂಟಲಿಗೆ ತಾಗಿದೊಡನೆ ನರಗಳ ಮೂಲಕ ಸ್ನಾಯುವಿಗೆ ಸುಮ್ಮನಿರುವ ಸಂದೇಶ ಹೋಗುತ್ತದೆ ಎಂಬುದು ಅವರ ಊಹೆ. ಇದನ್ನು ಓದಿ ಜಾಡಿಗೆ ಕೈಹಾಕಬೇಡಿ. ಅಲ್ಲಿನದು ಸೌತೆಕಾಯಿ ನೆನೆಹಾಕಿದ ತಿಳಿಯಾದ ಹುಳಿ ನೀರು. ನಮ್ಮದು ಎಣ್ಣೆ, ಖಾರ, ಕೈತುಂಬ ಉಪ್ಪು. ಹೊಟ್ಟೆಯಲ್ಲಿ ನೀರಿದ್ದವರಿಗೆ ದಿನಕ್ಕೆಲ್ಲ ಸೇರಿ ಉಪ್ಪು ಐದು ಗ್ರಾಂ, ಎಂದರೆ ಒಂದು ಸಣ್ಣ ಚಮಚ.

ಉಪ್ಪಿನ ವಿಷಯದಲ್ಲಿ ನಮ್ಮ ಕಡೆಯ ಊಟಕ್ಕೆ ಒಂದು ಅನುಕೂಲವಿದೆ. ಜೋಳದ ರೊಟ್ಟಿಗೆ ಉಪ್ಪು ಹಾಕದೆಯೇ ಬಡಿಯುವ ಮನೆಗಳು ಬಹಳ. ಉಪ್ಪು ಬರುವುದು ಹಿಂಡಿಯಿಂದ, ಉಪ್ಪಿನಕಾಯಿಯಿಂದ, ಹಪ್ಪಳದಿಂದ, ಸಂಜೆಯ ಮಿರ್ಚಿ–ಗಿರ್ಮಿಟ್‌ನಿಂದ. ಅವನ್ನು ದೂರವಿಟ್ಟು ರೊಟ್ಟಿ, ಉಪ್ಪು ಕಡಿಮೆ ಹಾಕಿದ ಹೆಸರುಕಾಳು, ಮಡಿಕೆಕಾಳಿನ ಪಲ್ಯ, ಮೊಸರು ಉಂಡರೆ ಹೊಟ್ಟೆಗೂ ಒಗ್ಗುತ್ತದೆ, ಸ್ನಾಯುವಿಗೂ ಬಲ. ‘ಲಿವರ್ ಹೋಗೇತಿ, ಬ್ಯಾಳಿ ಕೊಡಬ್ಯಾಡ್ರಿ, ಗಂಜಿ ಸಾಕು’ ಎಂಬ ಹಳೆಯ ಮಾತು ಈಗ ಸಲ್ಲದು. ಈ ರೋಗದಲ್ಲಿ ಮಾಂಸಖಂಡ ಕರಗುತ್ತದೆ, ಕರಗಿದಷ್ಟೂ ನೋವು, ನಿತ್ರಾಣ ಹೆಚ್ಚು. ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ರಾತ್ರಿ ಮಲಗುವ ಮುನ್ನ ಏನಾದರೂ ತಿನ್ನಲೇಬೇಕು. ಏಕಾದಶಿ, ಸೋಮವಾರ, ಶ್ರಾವಣವೆಂದು ಉಪವಾಸ ಕೂಡುವುದು ಇವರಿಗೆ ಸಲ್ಲದು. ದೇವರು ಅಷ್ಟು ಕಠಿಣನಲ್ಲ.

ನಿದ್ದೆ ಬರುವುದಿಲ್ಲವೆಂದು ನಿದ್ದೆಗುಳಿಗೆ ತೆಗೆದುಕೊಳ್ಳುವುದು ಇನ್ನೊಂದು ಅಪಾಯ. ಹಗಲು ತೂಕಡಿಸಿ ರಾತ್ರಿ ಎಚ್ಚರಿರುವುದೇ ಮೆದುಳಿಗೆ ವಿಷ ಏರುತ್ತಿರುವುದರ ಮೊದಲ ಗುರುತಾಗಿರಬಹುದು. ಲಿವರ್ ಸೋಸಬೇಕಾದ ಅಮೋನಿಯದಂಥ ವಸ್ತುಗಳು ರಕ್ತದಲ್ಲುಳಿದು ತಲೆಗೇರುತ್ತವೆ. ಕೈ ಚಾಚಿದರೆ ಅಂಗೈ ಬಡಿದುಕೊಳ್ಳುತ್ತದೆ, ಮಾತು ತೊದಲುತ್ತದೆ, ದಿನವೂ ಓಡಾಡುವ ಓಣಿಯೇ ಗುರುತು ಸಿಗುವುದಿಲ್ಲ. ‘ಮತ್ತ ಕುಡದ್ ಬಂದಾನ’ ಎಂದು ಬೈಯುವವರಿದ್ದಾರೆ, ಗಾಳಿ ಸೋಕಿತೆಂದು ಅಂತ್ರ ಕಟ್ಟಿಸುವವರಿದ್ದಾರೆ. ಮಲಬದ್ಧತೆ, ಸೋಂಕು, ಒಳಗಿನ ರಕ್ತಸ್ರಾವ, ನಿದ್ದೆಗುಳಿಗೆ ಇವೆಲ್ಲ ಈ ಮಂಕನ್ನು ಕೆರಳಿಸುತ್ತವೆ. ಲ್ಯಾಕ್ಟುಲೋಸ್ ಸಿರಪ್ಪಿನಿಂದ ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೊಟ್ಟೆ ಖಾಲಿಯಾಗಬೇಕು. ಅದು ಬರೀ ಭೇದಿಯ ಔಷಧಿ ಎಂದು ಬಿಡುವವರೇ ಮತ್ತೆ ಮತ್ತೆ ವಾರ್ಡಿಗೆ ಬರುತ್ತಾರೆ.

ಕುಡಿದವರಿಗೇ ಬರುವ ರೋಗ ಎಂಬ ತೀರ್ಪಿನಿಂದ ಈ ರೋಗಿಗಳ ನೋವಿಗೆ ಬೆಲೆಯೇ ಇಲ್ಲದಂತಾಗಿದೆ. ಕುಡಿತ ದೊಡ್ಡ ಕಾರಣ, ನಿಜ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತರೂ ಅಗ್ಗದ ವಿಸ್ಕಿಯ ಪಾಕೀಟು ಆ ಜಾಗ ತುಂಬಿತು. ಆದರೆ ಒಂದು ಹನಿ ಮುಟ್ಟದ ಗೃಹಿಣಿಗೂ ಸಕ್ಕರೆ ಕಾಯಿಲೆ, ಬೊಜ್ಜಿನಿಂದ ಸಿರೋಸಿಸ್ ಆಗುತ್ತದೆ. ಹೆಪಟೈಟಿಸ್ ಬಿ, ಸಿ ವೈರಸ್ಸುಗಳಿಂದಲೂ ಆಗುತ್ತದೆ. ಅಮಿತಾಭ್ ಬಚ್ಚನ್ 1982ರ ಜುಲೈನಲ್ಲಿ ಬೆಂಗಳೂರಿನಲ್ಲಿ ‘ಕೂಲಿ’ ಚಿತ್ರೀಕರಣದ ವೇಳೆ ಪೆಟ್ಟಾದಾಗ ಏರಿಸಿದ ರಕ್ತದಿಂದ ಹೆಪಟೈಟಿಸ್ ಬಿ ಅಂಟಿ ತಮ್ಮ ಲಿವರಿನ ಮುಕ್ಕಾಲು ಭಾಗ ಹೋಗಿದೆ ಎಂದು ತಾವೇ ಹೇಳಿಕೊಂಡಿದ್ದಾರೆ. ಉಳಿದ ಕಾಲು ಭಾಗದಲ್ಲೇ ಅವರು ಇಷ್ಟು ವರ್ಷ ದುಡಿದಿದ್ದಾರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಬಿ, ಸಿ ಎರಡಕ್ಕೂ ಸರ್ಕಾರಿ ಕೇಂದ್ರಗಳಲ್ಲಿ ಉಚಿತ ಚಿಕಿತ್ಸೆ ಇದೆ. ಸಿ ವೈರಸ್ಸಂತೂ ಹೆಚ್ಚಿನವರಲ್ಲಿ 12 ವಾರದ ಮಾತ್ರೆಗೇ ಹೋಗುತ್ತದೆ.

ಕುಡಿತ ಬಿಟ್ಟರೆ ಹೊಟ್ಟೆಯಲ್ಲಿ ನೀರು ತುಂಬಿದವರೂ ಚೇತರಿಸಿಕೊಂಡದ್ದುಂಟು. ಹಾಗೆಂದು ಗೋಡೆಯ ಮೇಲೆ ಬರೆದಿರುವ ‘ಹೇಳದೆ ಕುಡಿತ ಬಿಡಿಸುವ’ ಪುಡಿಯನ್ನು ಊಟದಲ್ಲಿ ಬೆರೆಸಿ ಕೊಡಬೇಡಿ. ಅದರಲ್ಲಿ ಏನಿದೆ ಎಂದು ಕೊಡುವವರಿಗೂ ಗೊತ್ತಿರುವುದಿಲ್ಲ. ಕುಡಿತ ಬಿಡಿಸಲು ಬಳಸುವ ಡೈಸಲ್ಫಿರಾಮ್ ಔಷಧಿ ಇದ್ದರೆ ಕೆಟ್ಟ ಲಿವರಿಗೆ ಅದೇ ಕಡೆಯ ಏಟಾಗಬಹುದು. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಫಿಟ್ಸ್, ಭ್ರಮೆ ಬರಬಹುದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಂಥ ಕಡೆ, ಡಾಕ್ಟರ ನಿಗಾದಲ್ಲಿ ಬಿಡಿಸುವುದೇ ಸರಿ. ಕಾಮಣಿಗೆಂದು ಕೈಗೆ ಬರೆ ಹಾಕಿಸಿ, ಮೂಗಿಗೆ ರಸ ಬಿಡಿಸಿ ತಿಂಗಳು ಕಳೆಯುವುದೂ ಬೇಡ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರಿಗೆ ಪೆಟ್ಟಾದ ಪ್ರಕರಣಗಳನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಮನೆಮದ್ದು ಯಾವುದೇ ಇರಲಿ, ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಬೇಕು.

ಲಿವರ್ ಕಸಿ ಇದ್ದೇ ಇದೆ. ಸತ್ತವರಿಂದ ಬರುವ ಅಂಗದ ಸರದಿಯನ್ನು ರಾಜ್ಯದಲ್ಲಿ ‘ಜೀವಸಾರ್ಥಕತೆ’ ಸಂಸ್ಥೆ ನೋಡಿಕೊಳ್ಳುತ್ತದೆ. ಆದರೆ ಸರದಿ ಉದ್ದ, ಖರ್ಚು ದೊಡ್ಡದು, ಎಲ್ಲರಿಗೂ ಆಗಿಬರುವಂಥದ್ದೂ ಅಲ್ಲ. ಕಸಿಗೆ ಕಾಯುವವರಿಗೂ ಕಸಿ ಆಗದವರಿಗೂ ನೋವು, ನರಳಾಟ ತಗ್ಗಿಸುವ ಉಪಶಮನ ಆರೈಕೆ ಸಿಗಬೇಕು. ನಮ್ಮ ರಾಜ್ಯಕ್ಕೆ 2016ರಿಂದ ಉಪಶಮನ ಆರೈಕೆಯ ನೀತಿ ಇದೆ. ಮಾರ್ಫಿನ್ ಸಿಗುವುದನ್ನು ಸರಳಗೊಳಿಸಲು ಕೇಂದ್ರ ಸರ್ಕಾರ 2014ರಲ್ಲಿ ಕಾನೂನನ್ನೇ ತಿದ್ದಿತು. ಆದರೂ ಆ ಆರೈಕೆ ಕ್ಯಾನ್ಸರಿನವರಿಗೆ, ಅದೂ ಕೊನೆಯ ವಾರಕ್ಕೆ ಎಂಬ ಭಾವನೆ ಹೋಗಿಲ್ಲ. ಲಿವರ್ ರೋಗಿಗೆ ಅಫೀಮು ವರ್ಗದ ಔಷಧಿ ಕೊಡುವಾಗ ಬಹಳ ಎಚ್ಚರ ಬೇಕು. ಸಣ್ಣ ಪ್ರಮಾಣ, ಹೆಚ್ಚು ಅಂತರ, ಮಲ ಕಟ್ಟದಂತೆ ಲ್ಯಾಕ್ಟುಲೋಸ್, ಮಂಕಾಗುತ್ತಿದ್ದಾರೆಯೇ ಎಂದು ಮನೆಯವರ ಕಣ್ಣು. ಎಚ್ಚರ ಬೇಕೆಂಬ ಕಾರಣಕ್ಕೆ ನೋವಿನಲ್ಲೇ ಬಿಟ್ಟುಬಿಡುವುದು ವೈದ್ಯಕೀಯವೂ ಅಲ್ಲ, ಮನುಷ್ಯತ್ವವೂ ಅಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೋಗುವ ಹಿಂದಿನ ರಾತ್ರಿ ಮನೆಯವರು ಒಂದು ಹಾಳೆ ತೆಗೆದುಕೊಂಡು ಬರೆಯಿರಿ: ನೋವು ಎಲ್ಲಿ, ಯಾವ ಹೊತ್ತಿಗೆ, ರಾತ್ರಿ ಎಷ್ಟು ಸಲ ಎಬ್ಬಿಸುತ್ತದೆ, ಅದಕ್ಕೆ ಏನೇನು ನುಂಗಿದ್ದಾರೆ, ಯಾವ ಸೂಜಿ ಹಾಕಿಸಿಕೊಂಡಿದ್ದಾರೆ. ಖಾಲಿ ಗುಳಿಗೆಪಟ್ಟಿಗಳನ್ನೂ ಚೀಲದಲ್ಲಿಟ್ಟುಕೊಳ್ಳಿ. ರಿಪೋರ್ಟು ತೋರಿಸುವ ಮೊದಲೇ ಆ ಹಾಳೆಯನ್ನು ಡಾಕ್ಟರ ಕೈಗೆ ಕೊಡಿ. ‘ನೋವಿಗೆ ಯಾವುದು ತಗೊಬೇಕು, ಯಾವುದು ತಗೊಬಾರದು, ಬರ್ದ ಕೊಡ್ರಿ ಡಾಕ್ಟ್ರ’ ಎಂದು ಕೇಳಿ ಬರೆಸಿಕೊಳ್ಳಿ. ಆ ಚೀಟಿಯ ಒಂದು ಪ್ರತಿಯನ್ನು ಊರಿನ ಮೆಡಿಕಲ್ ಅಂಗಡಿಯವರಿಗೂ ಕೊಟ್ಟಿಡಿ.